ಸುರೋ ತಿಂಗಳಲ್ಲಿ ಹೆಬ್ಬಾವಿನ ಮದುವೆ

ತಪ್ಪು ವಾಗಿಮಿನ್‌ದೇ. ತರಕಾರಿ ಗಾಡಿಯ ಮುಂದೆ ನಿಂತು ತಮಾಷೆ ಮಾಡಬಾರದಿತ್ತು.

ಬೆಳಿಗ್ಗೆ ಆರೂವರೆಗೆ ಸುರ್ತಿಯ ಗಾಡಿ ಓಣಿಯೊಳಕ್ಕೆ ಬಂತು. ಜಾವಾದ ಕ್ಲಾತೆನ್ ಪಟ್ಟಣದ, ಮರ್ಯಾದೆಗೆ ಗಂಡಸರನ್ನು ಪಾಕ್, ಹೆಂಗಸರನ್ನು ಬು ಎಂದು ಕರೆಯುವ ಆ ಓಣಿಯಲ್ಲಿ ಮೂವತ್ತೆರಡು ಮನೆ. ಮೂವತ್ತೆರಡು ಮನೆಯ ಸುದ್ದಿಯೂ ಅವಳ ಗಾಡಿಯಲ್ಲಿ ಸೊಪ್ಪಿನ ಕಟ್ಟಿನ ಜೊತೆ ಸುತ್ತುತ್ತಿತ್ತು, ಸೊಪ್ಪಿಗಿಂತ ಮುಂಚೆ ಖರ್ಚಾಗುತ್ತಿತ್ತು.

"ಏನ್ ಪಾಕ್ ವಾಗಿಮಿನ್, ಇವತ್ತು ನೀವೇ ಬಂದ್ಬಿಟ್ರಿ! ಹೆಂಡ್ತಿ ಮುನಿಸ್ಕೊಂಡ್ರಾ?"

"ಇಲ್ಲ ಸುರ್ತಿ ಅಕ್ಕ. ಇವತ್ತೊಂದಿನ ನಮ್ಮನೆ ಮುಂದೆ ಗಂಟೆ ಬಾರಿಸ್ಬೇಡಿ ಅಂತ ಹೇಳೋಕ್ ಬಂದೆ. ಒಂಚೂರೂ ಸದ್ದಾಗಬಾರದು."

"ಯಾಕೆ, ಯಾರಿಗೆ ಹುಷಾರಿಲ್ಲ?"

ವಾಗಿಮಿನ್ ಮೂರು ರಾತ್ರಿಯಿಂದ ಸರಿಯಾಗಿ ಮಲಗಿರಲಿಲ್ಲ. ಸಂತೋಷಕ್ಕೆ. ಸಂತೋಷ ಹೆಚ್ಚಾದರೆ ಅವನ ನಾಲಿಗೆ ಬಿಗಿ ತಪ್ಪುತ್ತಿತ್ತು. "ನಮ್ಮ ಕೆನಾಂಗಾಗೆ ಸಂಬಂಧ ಕೂಡಿ ಬಂದಿದೆ. ಸೋಲೋದಿಂದ ಗಂಡು ಬರ್ತಿದಾನೆ. ದೊಡ್ಡ ಮನೆತನ," ಎಂದು ಕಣ್ಣು ಮಿಟುಕಿಸಿದ.

ಕೆನಾಂಗಾ ಎಂದರೆ ಅವನ ಹೆಬ್ಬಾವು ಎಂಬುದು ಸುರ್ತಿಗೆ ಗೊತ್ತಿತ್ತು, ಇಡೀ ಓಣಿಗೆ ಗೊತ್ತಿತ್ತು. ಅವಳು ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ಅರ್ಧ ಕಿಲೋ ಹುರುಳಿಕಾಯಿ ತೂಗುತ್ತಿದ್ದವಳು ತಕ್ಕಡಿ ಹಾಗೇ ಬಿಟ್ಟು, ಗಾಡಿ ತಳ್ಳಿಕೊಂಡು ಸರಸರ ಹೊರಟೇಬಿಟ್ಟಳು. ಗಂಟೆ ಬಾರಿಸಲಿಲ್ಲ. ಅಷ್ಟರಮಟ್ಟಿಗೆ ಮಾತು ಉಳಿಸಿಕೊಂಡಳು.

ವಾಗಿಮಿನ್ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಮನೆಯ ಮುಂಭಾಗ ಯಂತ್ರಗಳದ್ದು, ಹಿಂಭಾಗದ ಕೋಣೆ ಕೆನಾಂಗಾಳದ್ದು. ಅಲ್ಲಿ ಹಾಸಿಗೆಯಷ್ಟು ಉದ್ದದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಒಂದು ಮೂಲೆಗೆ ಬಿಸಿ ಬಲ್ಬು, ಇನ್ನೊಂದು ಮೂಲೆಗೆ ನೀರಿನ ಬೋಗುಣಿ ಇಟ್ಟುಕೊಂಡು ಅವಳು ಮೂರು ವರ್ಷದಿಂದ ಸಂಸಾರ ಮಾಡಿದ್ದಳು. ನಾಲ್ಕಡಿ ಉದ್ದ, ಎರಡು ಕಿಲೋ ತೂಕ. ಗಾಬರಿಯಾದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುವ ಜಾತಿ. ಒಮ್ಮೆ ಚೆಂಡಾದರೆ ಗಂಟೆಗಟ್ಟಲೆ ಚೆಂಡೇ.

ಪಟ್ಟಣದ ಹಾವು ಸಾಕುವವರೆಲ್ಲ ಭಾನುವಾರ ಮೈದಾನದಲ್ಲಿ ಸೇರುತ್ತಿದ್ದರು. ಒಬ್ಬೊಬ್ಬರೂ ತಮ್ಮ ಹಾವಿಟ್ಟ ಮೊಟ್ಟೆ, ಮೊಟ್ಟೆಯಿಂದ ಇಣುಕುವ ಮರಿ ಇವುಗಳ ಫೋಟೊ ತೋರಿಸಿ ಮೊದಲ ಮೊಮ್ಮಗ ಹುಟ್ಟಿದವರಂತೆ ಬೀಗುತ್ತಿದ್ದರು. ವಾಗಿಮಿನ್‌ನ ಹತ್ತಿರ ಮಾತ್ರ ಮೊಟ್ಟೆಯ ಫೋಟೊ ಇರಲಿಲ್ಲ. "ನಿಂದು ಹಾವಲ್ಲ ಮಾರಾಯ, ಹಗ್ಗ," ಎನ್ನುತ್ತಿದ್ದರು. ತನ್ನ ಕೋಣೆಯಲ್ಲಿ, ತನ್ನ ಪೆಟ್ಟಿಗೆಯಲ್ಲಿ ಒಂದು ಸಲ, ಒಂದೇ ಒಂದು ಸಲ, ಮೊಟ್ಟೆ ನೋಡಬೇಕು ಎಂಬುದು ಅವನ ಆಸೆ. ಬೇರೆ ಆಸೆಗಳನ್ನು ಮದುವೆಯಾದ ವರ್ಷವೇ ಬಿಟ್ಟಿದ್ದ.

ಅದಕ್ಕೆ ಬೇಕಾದ ಗಂಡು ಸೋಲೋ ನಗರದ ಪಾಕ್ ಹಾರ್ಯೋ ಅವರ ಮನೆಯಲ್ಲಿತ್ತು. ಹೆಸರು ರಾಡೆನ್, ಮಾಗಿದ ಬಾಳೆಹಣ್ಣಿನ ಬಣ್ಣ. ರಾಡೆನ್‌ಗಾಗಿ ವರ್ಷಗಟ್ಟಲೆ ಸರದಿ ಕಾಯಬೇಕು. ಹಾರ್ಯೋ ನಿವೃತ್ತ ಸ್ಟೇಷನ್ ಮಾಸ್ಟರ್. ರೈಲು ತಡವಾದರೂ ತಾವು ತಡವಾಗಿರಲಿಲ್ಲ ಎಂದು ಹೇಳಿಕೊಳ್ಳುವ ಮನುಷ್ಯ. ಅವರ ಷರತ್ತು ಸ್ಪಷ್ಟವಾಗಿತ್ತು. ಹೆಣ್ಣು ನಿಜವಾಗಿ ಸಿದ್ಧವಾಗಿದ್ದರೆ, ಗಂಡನ್ನು ಅವಳು ಒಪ್ಪಿಕೊಂಡರೆ, ರಾಡೆನ್ ಮೂರು ದಿನ ಇಲ್ಲೇ ಇರುತ್ತಾನೆ, ಹುಟ್ಟುವ ಮರಿಗಳಲ್ಲಿ ಅರ್ಧರ್ಧ. ಇಲ್ಲದಿದ್ದರೆ ನಾಲ್ಕು ಗಂಟೆಗೆ ಹೊರಟೆ, ಮುಂದಿನ ಸರದಿ ಮುಂದಿನ ವರ್ಷ.

ಕೆನಾಂಗಾ ಸಿದ್ಧವಾಗಿದ್ದಾಳೆ ಎಂಬುದರಲ್ಲಿ ವಾಗಿಮಿನ್‌ಗೆ ಸಂಶಯವಿರಲಿಲ್ಲ. ಎರಡು ತಿಂಗಳು ಹೊಟ್ಟೆಬಾಕಿಯಂತೆ ತಿಂದವಳು ಇದ್ದಕ್ಕಿದ್ದಂತೆ ಊಟ ಬಿಟ್ಟಿದ್ದಳು. ಪೊರೆ ಕಳಚಿದ ಮೇಲೆ ಮೈಬಣ್ಣ ತಿಳಿಯಾಗಿ, ಈಗಷ್ಟೇ ಪಾಲಿಶ್ ಮಾಡಿದ ಬೀರುವಿನ ಹಾಗೆ ಹೊಳೆಯುತ್ತಿದ್ದಳು. ಬಿಸಿ ಬಲ್ಬಿನ ಮೂಲೆ ಬಿಟ್ಟು ತಂಪಿನ ಮೂಲೆ ಹಿಡಿದು, ಬಸ್ ನಿಲ್ದಾಣದಲ್ಲಿ ಅಜ್ಜಿಯೊಬ್ಬಳು ಚೀಲ ತಬ್ಬಿ ಕೂರುವಂತೆ ನೀರಿನ ಬೋಗುಣಿಯನ್ನು ತಬ್ಬಿಕೊಂಡಿದ್ದಳು. ನಿನ್ನೆಯಂತೂ ಔತಣ ಮುಗಿಸಿದ ಗಂಡಸಿನಂತೆ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿದ್ದಳು. ಒಂದೊಂದೂ ಸಿದ್ಧವಾದ ಹೆಣ್ಣಿನ ಗುರುತೇ. ಇನ್ನು ಬೇಕಾಗಿದ್ದದ್ದು ಒಂದೇ: ಒಂದು ದಿನದ ಮೌನ.

ಏಳೂವರೆಗೆ ಬಾಗಿಲು ಬಡಿದ ಸದ್ದಾಯಿತು. ಹೆಂಡತಿ ಸುಮಿರಾ ತೆಗೆದಳು. ಹೊರಗೆ ಹದಿನಾಲ್ಕು ಹೆಂಗಸರು ನಿಂತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಚಾಕು, ಒಂದು ಕತ್ತರಿಸುವ ಮಣೆ.

"ಏನಾಯ್ತು?" ಎಂದಳು ಸುಮಿರಾ, ಒಂದು ಹೆಜ್ಜೆ ಹಿಂದೆ ಸರಿದು.

"ಏನಾಯ್ತು ಅಂತೀಯಲ್ಲ! ಮಗಳ ಮದ್ವೆ ಇಟ್ಕೊಂಡು ಒಂದ್ ಮಾತೂ ಹೇಳಿಲ್ಲ. ಸರಿ ಪಕ್ಕಕ್ಕೆ, ಈರುಳ್ಳಿ ಎಲ್ಲಿ?"

ಅವರನ್ನು ಅನ್ನುವಂತಿರಲಿಲ್ಲ. ಸುರೋ ತಿಂಗಳು ನಡೆಯುತ್ತಿತ್ತು. ಸುರೋದಲ್ಲಿ ಯಾವ ಜಾವಾದವನೂ ಮದುವೆ ಇಡುವುದಿಲ್ಲ. ಮೂರು ವಾರದಿಂದ ಓಣಿಯಲ್ಲಿ ಚಪ್ಪರ ಎದ್ದಿರಲಿಲ್ಲ, ಧ್ವನಿವರ್ಧಕ ಮೂಲೆ ಹಿಡಿದಿತ್ತು, ಹತ್ತು ಜನ ಕೂಡಿ ಕಾಯಿ ತುರಿಯುತ್ತ ಹನ್ನೊಂದನೆಯವಳನ್ನು ಆಡಿಕೊಳ್ಳುವ ಸುಖವೇ ಇಲ್ಲದೆ ಹೆಂಗಸರು ಸೊರಗಿಹೋಗಿದ್ದರು. ಕರೆಯದೆ ಬಂದು ಅಡುಗೆಗೆ ನಿಲ್ಲುವುದು ಅಲ್ಲಿಯ ಪದ್ಧತಿ. ಕರೆಯಬೇಕು ಅಂದುಕೊಳ್ಳುವುದೇ ಅವಮಾನ.

ವಾಗಿಮಿನ್ ಹಿಂದಿನ ಕೋಣೆಯಿಂದ ಓಡಿ ಬಂದ. "ಅಕ್ಕಂದಿರಾ, ತಾಯಂದಿರಾ, ಅದು ಹಾವು! ತಮಾಷೆಗೆ ಅಂದೆ!"

"ಹಾವು ಅಂತ ನಮ್ಗೊತ್ತು," ಎಂದಳು ಸುರ್ತಿ. ಅವಳ ಗಾಡಿ ಆಗಲೇ ಅವನ ಅಂಗಳದಲ್ಲಿ ಖಾಲಿಯಾಗುತ್ತಿತ್ತು. "ಹಾವಿಗೂ ಅಪ್ಪ ಅಮ್ಮ ಇರ್ತಾರೆ. ನೀವಿಬ್ರೂ ಮಕ್ಕಳಿಲ್ಲದೋರು, ಬೇರೆ ಯಾರ್ ಮದ್ವೆ ಮಾಡ್ತೀರಾ?"

"ಸುರೋ ತಿಂಗಳಲ್ಲಿ ಮದುವೆ ಮಾಡ್ಬಾರದಲ್ವಾ?" ಎಂದು ವಾಗಿಮಿನ್ ಕೊನೆಯ ಅಸ್ತ್ರ ಬಿಟ್ಟ.

ಅದಕ್ಕೆ ಉತ್ತರ ಓಣಿಯ ಮುಖಂಡ ಪಾಕ್ ದಾರ್ಸೊನೋ ಕೊಟ್ಟರು. ಅವರು ಕಂಕುಳಲ್ಲಿ ಹಳೆಯ ಪಂಚಾಂಗ ಇಟ್ಟುಕೊಂಡು, ಹಿಂದೆ ಬಿದಿರುಗಳ ಹೊರೆ ಹೊತ್ತ ನಾಲ್ಕು ಗಂಡಸರನ್ನು ಕರೆದುಕೊಂಡು ಗೇಟಿನೊಳಗೆ ಬರುತ್ತಿದ್ದರು. "ನೋಡಿದೀನಿ, ಎಲ್ಲಾ ನೋಡಿದೀನಿ. ನಿಷೇಧ ಇರೋದು ಮನುಷ್ಯರಿಗೆ. ಹೊಟ್ಟೆ ಮೇಲೆ ಹರಿಯೋ ಪ್ರಾಣಿಗೆ ಅನ್ವಯ ಆಗಲ್ಲ. ನಮಾಜಿನ ಗುರುಗಳನ್ನೂ ಕೇಳ್ದೆ. ನಿಕಾಹ್ ಅಂತ ಬಾಯಲ್ಲಿ ಅಂದ್ರೆ ಕಾಲು ಮುರೀತೀನಿ ಅಂದ್ರು. ಆದ್ರೆ ಊಟಕ್ಕೆ ಬರ್ತಾರಂತೆ. ಹೆಣ್ಣು ಹುಟ್ಟಿದ್ದು ಯಾವ ವಾರ?"

"ನನ್ಗೇನ್ ಗೊತ್ತು? ಅಂಗಡಿಯಿಂದ ತಂದಿದ್ದು!"

"ತಂದ ದಿನ ಹೇಳಿ. ಗುರುವಾರವಾ? ಒಳ್ಳೇದು. ಗಂಡಿಂದು ಶನಿವಾರ ಆಗಿರ್ಬಾರದು ಅಷ್ಟೆ. ಲೇ, ಚಪ್ಪರ ಈ ಕಡೆಗೆ!"

ಒಂಬತ್ತಕ್ಕೆ ಚಪ್ಪರ ನಿಂತಿತು. ಹಿಂದಿನ ಕೋಣೆಯಲ್ಲಿ ಬಿದಿರಿನ ಪ್ರತಿ ಹೊಡೆತಕ್ಕೂ ಬೋಗುಣಿಯ ನೀರು ನಡುಗುತ್ತಿತ್ತು. ಕೆನಾಂಗಾ ಬೋಗುಣಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು. ವಾಗಿಮಿನ್ ಪೆಟ್ಟಿಗೆಯ ಮೇಲೆ ಎರಡು ಕಂಬಳಿ ಹೊದಿಸಿ, ತಾನೂ ಅದರ ಮೇಲೆ ಬಾಗಿ ನಿಂತ.

ಹತ್ತಕ್ಕೆ ಸೂಲಗಿತ್ತಿ ಬು ತಿತಿಕ್ ಬಂದಳು. ಆ ಓಣಿಯ ಅರ್ಧ ಜನ ಲೋಕ ನೋಡಿದ್ದೇ ಅವಳ ಕೈಮೇಲೆ. ಆ ಅರ್ಧಕ್ಕೆ ಅವಳ ಮುಂದೆ ಜೋರು ಮಾಡುವ ಧೈರ್ಯವಿರಲಿಲ್ಲ. ಬಾಗಿಲು ಸರಿಸಿ, "ಎಲ್ಲಿ ಹುಡುಗಿ?" ಎಂದಳು.

"ಬು, ದಯವಿಟ್ಟು, ಮುಟ್ಬೇಡಿ. ಗಾಬರಿ ಬಿದ್ರೆ..."

"ಮೂವತ್ತೊಂದು ವರ್ಷದಿಂದ ಗಾಬರಿ ಬಿದ್ದೋರನ್ನೇ ಮುಟ್ತಿದೀನಿ. ನಿನ್ನನ್ನೂ ಸೇರಿಸಿ. ಕಾಲು ಹಿಡಿದು ಎಳೆದಿದ್ದೆ, ಜ್ಞಾಪಕ ಇದ್ಯಾ?"

ವಾಗಿಮಿನ್‌ಗೆ ಜ್ಞಾಪಕವಿರಲಿಲ್ಲ, ಆದರೂ ಪಕ್ಕಕ್ಕೆ ಸರಿದ.

ಸರಿಯಾಗಿ ಹನ್ನೊಂದಕ್ಕೆ ಓಣಿಯ ತುದಿಯಲ್ಲಿ ವ್ಯಾನು ನಿಂತಿತು. ಚಪ್ಪರ, ಹೊಗೆ, ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ನೂರು ಜನ. ಪಾಕ್ ಹಾರ್ಯೋ ವಾಪಸು ತಿರುಗಿಸಿಕೊಂಡು ಹೋಗುತ್ತಾರೆ ಎಂದು ವಾಗಿಮಿನ್ ಉಸಿರು ಬಿಗಿಹಿಡಿದ. ಹಾರ್ಯೋ ಕೆಳಗಿಳಿದರು. ಬಾಟಿಕ್ ಅಂಗಿ, ಗಂಟು ಹಾಕಿದ ರುಮಾಲು, ತಿರುವಿದ ಮೀಸೆ. ಎದೆಗೆ ಒತ್ತಿ ಹಿಡಿದ ಬೆತ್ತದ ಬುಟ್ಟಿಯಲ್ಲಿ ಮೆತ್ತೆಯ ಮೇಲೆ ರಾಡೆನ್. ಅವರು ಚಪ್ಪರ ನೋಡಿದರು. ಬಾಗಿಲಿಗೆ ಕಟ್ಟಿದ್ದ ಎಳೆ ತೆಂಗಿನ ಗರಿ ನೋಡಿದರು. ಕಣ್ಣಲ್ಲಿ ನೀರು ಬಂತು.

"ಎಪ್ಪತ್ತೊಂದು ಕಡೆ ಹೋಗಿದೀನಿ ಇವನನ್ನ ಕರ್ಕೊಂಡು," ಎಂದರು. "ಎಲ್ಲೂ ಒಂದು ಲೋಟ ಟೀ ಬಿಟ್ರೆ ಬೇರೆ ಮರ್ಯಾದೆ ಸಿಕ್ಕಿಲ್ಲ. 'ಬಾ, ಪೆಟ್ಟಿಗೆಗೆ ಹಾಕು, ತಗೊಂಡು ಹೋಗು' ಅಂತಾರೆ. ನಾವೇನು ಹೋರಿ ಬಿಡೋಕೆ ಬಂದೋರಾ? ಪಾಕ್ ವಾಗಿಮಿನ್, ನೀವು ಸಂಸ್ಕಾರ ಇರೋರು."

ಇಷ್ಟಾದರೂ ಪರೀಕ್ಷೆ ಪರೀಕ್ಷೆಯೇ. ಹಾರ್ಯೋ ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಮುಂದೆ ಕುಳಿತರು. ಮೈಬಣ್ಣ ನೋಡಿ ತಲೆಯಾಡಿಸಿದರು. ಊಟ ಬಿಟ್ಟು ಎಷ್ಟು ದಿನ ಎಂದು ಕೇಳಿದರು. ಆದರೆ ಹೊಟ್ಟೆಯೊಳಗಿನ ಮಾತು ಹೊಟ್ಟೆಯನ್ನೇ ಕೇಳಬೇಕಲ್ಲ. ಅವರು ಕೈ ಚಾಚುವಷ್ಟರಲ್ಲಿ ಬು ತಿತಿಕ್ ಅವರ ಕೈ ತಳ್ಳಿದಳು. "ಗಂಡಸರು ಆಚೆ ಇರಿ." ಕೆನಾಂಗಾಳನ್ನು ಎಡಗೈ ಮೇಲೆ ಹರಿಯಲು ಬಿಟ್ಟು, ಬಲಗೈಯ ಎರಡು ಬೆರಳನ್ನು ಹೊಟ್ಟೆಯ ಕೆಳಗೆ ಮೆಲ್ಲಗೆ ಒತ್ತಿ ಹಿಡಿದಳು. ಹಾವು ಮುಂದೆ ಸರಿಯಿತು. ಕಿಟಕಿಯಲ್ಲಿ ಒಂದರ ಮೇಲೊಂದು ಇಪ್ಪತ್ತು ಮುಖ.

"ಹೂಂ," ಎಂದಳು ತಿತಿಕ್. "ಮೊಟ್ಟೆ ಆಗೋ ಗೋಲಿ. ಒಂದು. ಇನ್ನೊಂದು. ಮೂರು... ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿವೆ. ಏಳು, ಎಂಟು! ನೋಡ್ರೇ, ನೀವು ಒಂದೊಂದು ಹೆರೋಕೆ ಓಣಿಯೆಲ್ಲ ಕಿರುಚಿ ಎಬ್ಬಿಸ್ತಿದ್ರಲ್ಲ! ಹುಡುಗಿ ಸಿದ್ಧ ಕಣಪ್ಪ. ಇವತ್ತು ಬಿಟ್ರೆ ತಪ್ಪು."

ಹೊರಗೆ ಚಪ್ಪಾಳೆ ಬಿತ್ತು. ವಾಗಿಮಿನ್‌ಗೆ ಮೊಟ್ಟೆಗಳೇ ಕಣ್ಣಮುಂದೆ ಉರುಳಿದವು. ರಾಡೆನ್‌ನನ್ನು ಪೆಟ್ಟಿಗೆಗೆ ಬಿಟ್ಟರು. ಬಾಳೆಹಣ್ಣಿನ ಬಣ್ಣದ ಗಂಡು ನಾಲಿಗೆ ಆಡಿಸುತ್ತ ಸರಿದು ಕೆನಾಂಗಾಳ ಬೆನ್ನ ಮೇಲೆ ಗದ್ದ ಇಟ್ಟಿತು. ಕೆನಾಂಗಾ ಅಲುಗಲಿಲ್ಲ. ಬಾಲದ ತುದಿ ಮಾತ್ರ ಒಂಚೂರು ಮೇಲೆದ್ದಿತು.

ಆಗ ಗೋಡೆಯ ಆಚೆಯಿಂದ, ತೆಂಗಿನಮರದಷ್ಟು ದೊಡ್ಡ ಧ್ವನಿಯಲ್ಲಿ, "ಹಲೋ! ಹಲೋ! ಒಂದು, ಎರಡು, ಒಂದು, ಎರಡು!" ಎಂದು ಕೇಳಿಸಿತು.

ಕೆನಾಂಗಾ ಚೆಂಡಾದಳು.

ಆಮೇಲಿನ ಎರಡು ಗಂಟೆ ವಾಗಿಮಿನ್ ಹೊರಕ್ಕೂ ಒಳಕ್ಕೂ ಓಡಾಡಿದ. ಧ್ವನಿವರ್ಧಕ ನಿಲ್ಲಿಸಿ ಎಂದರೆ ಹಾಡು ಬದಲಾಯಿಸಿದರು. ಹಾಡು ನಿಲ್ಲಿಸಿದರೆ ಹೆಂಗಸರು ಒನಕೆ ಕುಟ್ಟಿದರು. ಒನಕೆ ನಿಂತರೆ, ಗಂಡಿನ ಕಡೆಯವರು ಒಬ್ಬರೇ ಬಂದಿದ್ದಾರಲ್ಲ, ಅವರಿಗೆ ಜತೆಯಾಗಿ ಯಾರು ಕೂರಬೇಕು ಎಂದು ಜಗಳ ಶುರುವಾಯಿತು. ಕೋಣೆಯಲ್ಲಿ ಚೆಂಡು ಚೆಂಡಾಗಿಯೇ ಇತ್ತು. ರಾಡೆನ್ ಅದರ ಸುತ್ತ ಎಂಟು ಪ್ರದಕ್ಷಿಣೆ ಹಾಕಿ, ಬಾಗಿಲು ತೆರೆಯದ ಮನೆಯ ಮುಂದಿನ ಅಂಚೆಯವನಂತೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ಬೋಗುಣಿಯ ನೀರಿಗಿಳಿದು ಮಲಗಿದ.

ಗಂಟೆ ಒಂದೂವರೆ. ಹಾರ್ಯೋ ಎರಡನೇ ತಟ್ಟೆ ಅನ್ನ ಮುಗಿಸಿ ಗಡಿಯಾರ ನೋಡಿಕೊಂಡರು. "ಮರ್ಯಾದೆ ಎಲ್ಲಾ ಸರಿ ಪಾಕ್ ವಾಗಿಮಿನ್. ಆದ್ರೆ ನಾಲ್ಕು ಅಂದ್ರೆ ನಾಲ್ಕು. ಹುಡುಗಿ ಒಪ್ಪದಿದ್ರೆ ನಾನೇನ್ ಮಾಡ್ಲಿ?"

ವಾಗಿಮಿನ್ ದಾರ್ಸೊನೋ ಅವರ ತೋಳು ಹಿಡಿದು ಗೋಡೆಯ ಮೂಲೆಗೆ ಎಳೆದ. "ಪಾಕ್, ಈ ಜನಾನ ಒಂದರ್ಧ ಗಂಟೆ ಬಾಯಿ ಮುಚ್ಚಿಸೋಕೆ ಏನಾದ್ರೂ ಉಪಾಯ ಇದ್ಯಾ? ಕಾಲಿಗೆ ಬೀಳ್ತೀನಿ."

ದಾರ್ಸೊನೋ ಗದ್ದ ಉಜ್ಜಿಕೊಂಡರು. "ಈ ಓಣಿ ಬಾಯಿ ಮುಚ್ಚೋದು ಒಂದೇ ಒಂದು ಹೊತ್ತಲ್ಲಿ. ಹೆಣ್ಣಿನ ಕಡೆಯೋರು ಬೀಗರ ಮುಂದೆ ನಿಂತು ಹಳೇ ಭಾಷೇಲಿ ಮಾತಾಡ್ತಾರಲ್ಲ, ಆಗ. ಯಾರಿಗೂ ಅರ್ಥ ಆಗಲ್ಲ. ಅದಕ್ಕೇ ಕೆಮ್ಮೋಕೂ ಹೆದರ್ತಾರೆ."

"ಹಾಗಾದ್ರೆ ಮಾತಾಡಿ!"

"ನಿಮ್ಮ ಪರವಾಗಿ? ಹುಡುಗಿ ಅಪ್ಪನ ಪರವಾಗಿ?"

"ಯಾರ ಪರವಾಗಾದ್ರೂ ಮಾತಾಡಿ. ನಿಲ್ಲಿಸ್ಬೇಡಿ ಅಷ್ಟೆ. ನಾನು ಬಂದು ಕೈ ಎತ್ತೋವರೆಗೆ ಮಾತಾಡ್ತಾನೇ ಇರಿ."

ಮೂರು ವಾರದಿಂದ ಮೈಕು ಮುಟ್ಟದ ಮನುಷ್ಯ. ದಾರ್ಸೊನೋ ಕೋಟಿನ ಗುಂಡಿ ಹಾಕಿಕೊಂಡರು, ಜೇಬಿನಿಂದ ಮಡಿಸಿ ಮಡಿಸಿ ಹರಿದುಹೋಗಿದ್ದ ಒಂದು ಹಾಳೆ ತೆಗೆದರು, ಗಂಟಲು ಸರಿಮಾಡಿಕೊಂಡರು. ಮೊದಲ ಸಾಲು ಬೀಳುತ್ತಲೇ ಒನಕೆ ನಿಂತಿತು. ಎರಡನೆಯ ಸಾಲಿಗೆ ಹೆಂಗಸರು ಸೆರಗು ಸರಿಮಾಡಿಕೊಂಡು ಕುಳಿತರು. ಮೂರನೆಯ ಸಾಲಿಗೆ ಓಣಿಯ ನಾಯಿಯೂ ಕಾಲಿನ ಮೇಲೆ ತಲೆ ಇಟ್ಟಿತು.

ವಾಗಿಮಿನ್ ಕೋಣೆಯ ಬಾಗಿಲು ಹಾಕಿಕೊಂಡು ನೆಲದ ಮೇಲೆ ಬೋರಲಾಗಿ ಮಲಗಿ ಪೆಟ್ಟಿಗೆಗೆ ಮೂಗು ಒತ್ತಿದ. ಭಾಷಣ ಹೊರಗೆ ದೂರದ ಹೊಳೆಯಂತೆ ಏರಿಳಿತವಿಲ್ಲದೆ ಹರಿಯುತ್ತಿತ್ತು. ಅವನ ಕಿವಿ ಅದರ ಒಂದು ಪದವನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಹತ್ತು ನಿಮಿಷಕ್ಕೆ ಚೆಂಡಿನ ಒಂದು ಸುತ್ತು ಸಡಿಲವಾಯಿತು. ಹದಿನೈದಕ್ಕೆ ಕೆನಾಂಗಾಳ ಮೂಗು ಹೊರಬಂತು. ನಾಲಿಗೆ ಒಮ್ಮೆ ಆಡಿತು, ಇನ್ನೊಮ್ಮೆ ಆಡಿತು. ರಾಡೆನ್ ನೀರಿನಿಂದೆದ್ದ. ಅವಳ ಬೆನ್ನುದ್ದಕ್ಕೂ ಸರಿದು, ಹೆಬ್ಬಾವುಗಳಿಗೆ ಬಾಲದ ಹತ್ತಿರವಿರುವ ಪುಟ್ಟ ಉಗುರುಗಳಿಂದ ಅವಳ ಪಕ್ಕೆ ಕೆರೆದ. ಮೆಲ್ಲಗೆ, ಬಿಡದೆ, ಹಳೆಯ ಬೀಗಕ್ಕೆ ಕೀಲಿ ಹುಡುಕುವವನ ತಾಳ್ಮೆಯಿಂದ ಕೆರೆದ. ಕೆನಾಂಗಾ ಬಾಲ ಎತ್ತಿದಳು. ಎರಡು ಬಾಲ ಒಂದಕ್ಕೊಂದು ಸುತ್ತಿಕೊಂಡು, ಬಿಗಿದುಕೊಂಡು, ನಿಶ್ಚಲವಾದವು.

ವಾಗಿಮಿನ್ ಅತ್ತ. ನೆಲದ ಮೇಲೆ ಮಲಗಿಕೊಂಡೇ ಅತ್ತ. ಆಮೇಲೆ ಎದ್ದು ಹೊರಗೆ ಬಂದು, ಮೂಗು ಒರೆಸಿಕೊಂಡು, ಎರಡೂ ಕೈ ಎತ್ತಿದ.

ದಾರ್ಸೊನೋ ಕೊನೆಯ ಸಾಲು ಓದಿ ಹಾಳೆ ಮಡಿಸಿದರು. ಓಣಿ ಹೋ ಎಂದಿತು. ಗಂಡಸರು ಅಪ್ಪಿಕೊಂಡರು, ಹೆಂಗಸರು ಸೀದ ಕೋಣೆಗೆ ನುಗ್ಗಿ ನೋಡಿ ಬಾಯಿ ಮುಚ್ಚಿಕೊಂಡು ನಕ್ಕರು. ಮೂರು ವರ್ಷ ಕೆನಾಂಗಾಳನ್ನು "ಆ ಪ್ರಾಣಿ" ಎಂದೇ ಕರೆದಿದ್ದ ಸುಮಿರಾ ಸುರ್ತಿಯ ಭುಜಕ್ಕೆ ತಲೆಯಿಟ್ಟು ಬಿಕ್ಕುತ್ತಿದ್ದಳು.

ಹಾರ್ಯೋ ಎದ್ದು ನಿಂತು ಅಷ್ಟೇ ಹಳೆಯ ಭಾಷೆಯಲ್ಲಿ ಐದು ನಿಮಿಷ ಉತ್ತರ ಕೊಟ್ಟರು. ವಾಗಿಮಿನ್ ಎಲ್ಲದಕ್ಕೂ ನಗುತ್ತ ತಲೆಯಾಡಿಸಿದ. ಅವರು ಮುಗಿಸಿ ನಾಲ್ಕು ಗಂಡಸರಿಗೆ ಸನ್ನೆ ಮಾಡಿದರು. ನಾಲ್ವರೂ ಒಳಗೆ ಹೋಗಿ, ಹಾವುಗಳ ಸಮೇತ ಪೆಟ್ಟಿಗೆಯನ್ನು ಪಲ್ಲಕ್ಕಿಯ ಹಾಗೆ ಹೆಗಲ ಮೇಲೆ ಹೊತ್ತು ತಂದು ವ್ಯಾನಿನ ಕಡೆ ನಡೆದರು.

"ಎಲ್ಲಿಗೆ?" ಎಂದ ವಾಗಿಮಿನ್.

"ಗಂಡನ ಮನೆಗೆ," ಎಂದರು ಹಾರ್ಯೋ.

"ಇಲ್ಲ ಪಾಕ್... ಮೂರು ದಿನ ಇಲ್ಲಿ... ಮೊಟ್ಟೆ ಇಲ್ಲಿ... ಅರ್ಧರ್ಧ ಅಂತ ಮಾತಾಗಿತ್ತು!"

"ಅದು ಬೆಳಿಗ್ಗೆ ಮಾತು. ಆಗ ನಾವು ಹಾವು ತಂದೋರು, ನೀವು ಹಾವು ಸಾಕಿದೋರು. ಈಗ ಬೀಗರು. 'ಇವತ್ತಿಂದ ಇವಳು ನಿಮ್ಮನೆ ಮಗಳು, ತಪ್ಪು ಮಾಡಿದ್ರೆ ತಿದ್ದಿ, ಇನ್ನು ಇವಳಿಗೆ ನಿಮ್ಮ ಮನೆಯೇ ಮನೆ' ಅಂತ ನೂರು ಜನರ ಮುಂದೆ ಒಪ್ಪಿಸಿದ್ರಲ್ಲ. ಎಷ್ಟು ಚೆನ್ನಾಗಿ ಒಪ್ಪಿಸಿದ್ರಿ!"

ವಾಗಿಮಿನ್ ದಾರ್ಸೊನೋ ಕಡೆ ತಿರುಗಿದ. "ಅದನ್ನ ಹೇಳಿದ್ರಾ?"

"ಬೇರೆ ಏನು ಹೇಳ್ತಾರೆ? ಹೆಣ್ಣೊಪ್ಪಿಸೋ ಭಾಷಣದಲ್ಲಿ ಹವಾಮಾನ ಹೇಳ್ತಾರಾ? ನೀವು ನಿಲ್ಲಿಸ್ಬೇಡಿ ಅಂದ್ರಿ. ಅದಕ್ಕೇ ಎರಡೆರಡು ಸಲ ಒಪ್ಪಿಸ್ದೆ."

"ಅದು ಸುಮ್ನೆ ಮಾತಿಗೆ!"

"ಮಾತಿಗಾ?" ದಾರ್ಸೊನೋ ಅವರ ಮುಖ ಕೆಂಪಾಯಿತು. "ನಲವತ್ತು ನಿಮಿಷ ನಿಂತ್ಕೊಂಡು ಓಣಿ ಪರವಾಗಿ ನಾನು ಆಡಿದ್ದು ಸುಮ್ನೆ ಮಾತಾ? ನಾಳೆ ನನ್ನ ಬಾಯಿಂದ ಹೆಣ್ಣು ಒಪ್ಪಿಸ್ಕೊಳೋಕೆ ಯಾರು ಬರ್ತಾರೆ?"

"ಸರಿ, ಎರಡನ್ನೂ ಬಿಡಿಸಿ, ನಿಮ್ದು ನೀವು ತಗೊಂಡು ಹೋಗಿ!"

ಬು ತಿತಿಕ್ ವ್ಯಾನಿಗೆ ಅಡ್ಡ ನಿಂತಳು. "ಬಿಡಿಸ್ತಾನಂತೆ! ಅವು ಒಟ್ಟಿಗಿದಾವೆ. ಈಗ ಕೈ ಹಾಕಿದ್ರೆ ಇಬ್ಬರಿಗೂ ಪೆಟ್ಟಾಗತ್ತೆ. ಯಾವ ಅಪ್ಪ ಹೀಗೆ ಮಾತಾಡ್ತಾನೆ?"

"ಮರಿಯಲ್ಲಿ ಅರ್ಧ ಆದ್ರೂ?" ಎಂದ ವಾಗಿಮಿನ್, ಸೋತ ದನಿಯಲ್ಲಿ.

ಸುರ್ತಿ ಕೆನ್ನೆ ಬಡಿದುಕೊಂಡಳು. "ಮೊಮ್ಮಕ್ಕಳಲ್ಲಿ ಪಾಲು ಕೇಳ್ತಾರಾ ಪಾಕ್? ಛೆ ಛೆ. ದುಃಖದಲ್ಲಿ ಏನೇನೋ ಅಂತಿದಾರೆ, ತಪ್ಪು ತಿಳ್ಕೋಬೇಡಿ ಬೀಗರೇ."

"ಇಲ್ಲ ಇಲ್ಲ, ನನ್ಗೂ ಇಬ್ಬರು ಹೆಣ್ಣುಮಕ್ಕಳು," ಎಂದು ಹಾರ್ಯೋ ಅವನ ಬೆನ್ನು ಸವರಿದರು. "ಐದನೇ ದಿನ ನಮ್ಮನೇಲಿ ಔತಣ. ಹದಿನೈದು ಜನ ಬನ್ನಿ, ಜಾಸ್ತಿ ಬೇಡ, ಮನೆ ಚಿಕ್ಕದು. ಮೊಟ್ಟೆ ಇಟ್ಟ ದಿನ ಫೋಟೊ ಕಳಿಸ್ತೀನಿ. ಹಾಂ, ಮುಂದಿನ ಗುರುವಾರ ಮಾತ್ರ ಬರ್ಬೇಡಿ. ರಾಡೆನ್ ಬೊಯೊಲಾಲಿಗೆ ಹೋಗ್ಬೇಕು. ಅಲ್ಲೊಂದು ಸಂಬಂಧ ಇದೆ."

"ಇನ್ನೊಂದು ಸಂಬಂಧಾನಾ?" ವಾಗಿಮಿನ್‌ಗೆ ಜೀವ ಬಂತು. "ಕೇಳಿದ್ರಾ ಎಲ್ರೂ? ಇಂಥವನಿಗೆ ನಮ್ಮ ಹುಡುಗೀನ ಕೊಡ್ತೀರಾ? ವಾಪಸ್ ಕಳ್ಸಿ ಅನ್ನಿ!"

ಓಣಿ ಯೋಚಿಸಿತು. ಹೆಂಗಸರು ಮುಖ ಮುಖ ನೋಡಿಕೊಂಡರು. ಕೊನೆಗೆ ಬು ತಿತಿಕ್ ತೀರ್ಪು ಕೊಟ್ಟಳು: "ಮದ್ವೆ ದಿನವೇ ಹುಡುಗಿ ತವರಿಗೆ ವಾಪಸ್ ಬಂದ್ರೆ ಜನ ಏನಂತಾರೆ? ಹೊಂದ್ಕೊಂಡು ಹೋಗ್ಲಿ."

ವ್ಯಾನು ಹೊರಟಿತು. ಜನ ಸಾಲಾಗಿ ಬಂದು ವಾಗಿಮಿನ್‌ನ ಕೈ ಕುಲುಕಿದರು, ಹೆಣ್ಣು ಹೆತ್ತವರ ಪಾಡೇ ಇಷ್ಟು ಎಂದು ಸಮಾಧಾನ ಹೇಳಿದರು, ಎಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣ ತೆಗೆದುಕೊಂಡು ನಗುನಗುತ್ತ ಮನೆಗೆ ಹೋದರು. ಸುರೋ ತಿಂಗಳಲ್ಲಿ ಇಂಥ ಮದುವೆ ಯಾರೂ ನೋಡಿರಲಿಲ್ಲ.

ಆಗ ಸುಮಿರಾ ಒಳಗಿನಿಂದ ಓಡಿ ಬಂದಳು. ಒಂದು ಕೈಯಲ್ಲಿ ಕಣ್ಣೊರೆಸುತ್ತಿದ್ದಳು, ಇನ್ನೊಂದು ಕೈಯಲ್ಲಿ ಕೆನಾಂಗಾಳ ಊಟಕ್ಕೆಂದು ವಾಗಿಮಿನ್ ತಾನೇ ಸಾಕಿ ಬೆಳೆಸಿದ್ದ ಇಲಿಗಳ ಪಂಜರ. "ಅಯ್ಯೋ ರೀ, ಮಗಳನ್ನ ಬರಿಗೈಲಿ ಕಳಿಸಿಬಿಟ್ವಲ್ಲ! ಓಡ್ರೀ!"

ಯಾಕೆ ಓಡಿದೆ ಎಂದು ಅವನಿಗೆ ಆಮೇಲೂ ತಿಳಿಯಲಿಲ್ಲ. ಆದರೆ ಓಡಿದ. ಮುಖ್ಯರಸ್ತೆಯ ಸಿಗ್ನಲ್ಲಿನಲ್ಲಿ ವ್ಯಾನು ಸಿಕ್ಕಿತು. ಏದುಸಿರು ಬಿಡುತ್ತ ಪಂಜರವನ್ನು ಕಿಟಕಿಯೊಳಕ್ಕೆ ತುರುಕಿದ.

ಪಾಕ್ ಹಾರ್ಯೋ ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು. ಮುಖ ಸ್ವಲ್ಪ ಗಂಟಿಕ್ಕಿತು.

"ಎಲ್ಲಾ ಬಿಳೀದೇನಾ? ನಿಮ್ಮ ಅಳಿಯಂದಿರಿಗೆ ಕಂದು ಬಣ್ಣದ್ದೇ ಆಗ್ಬೇಕು," ಎಂದರು. "ಇರ್ಲಿ ಬಿಡಿ. ನಾವು ಅಂಥದ್ದೆಲ್ಲ ಎಣಿಸೋ ಜನ ಅಲ್ಲ."

ಸಿಗ್ನಲ್ ಹಸಿರಾಯಿತು.